ಭಾರದ ಲೆನ್ಸು, ಅಗ್ಗದ ಲೆನ್ಸು

ಎಂಬತ್ತರ ದಶಕದಲ್ಲಿ ನಮ್ಮ ಯಜಮಾನರಿಗೆ ಹಕ್ಕಿ ಫೋಟೋದ ಹುಚ್ಚು ಹತ್ತಿತ್ತು. ದುಬೈಯಲ್ಲಿದ್ದ ಗೆಳೆಯನಿಂದ ಮೊಳದುದ್ದದ ದುಬಾರಿ ಲೆನ್ಸು ತರಿಸಿ, ಕೂಸಿನಂತೆ ಟವೆಲ್ಲಿನಲ್ಲಿ ಸುತ್ತಿಡುತ್ತಿದ್ದರು. ನನ್ನ ತಮ್ಮನ ಬಳಿ ಮದ್ರಾಸಿನಲ್ಲಿ ಕೊಂಡ ಹಳೆಯ ಅಗ್ಗದ ಲೆನ್ಸಿತ್ತು. "ಅದರಾಗ ಕೊಕ್ಕರಿ ಯಾವುದು, ಕೋಳಿ ಯಾವುದು ಗೊತ್ತಾಗಂಗಿಲ್ಲ" ಎಂದು ಇವರು ಅವನನ್ನು ಕಾಡುತ್ತಿದ್ದರು.

ಒಂದು ಭಾನುವಾರ ಇಬ್ಬರೂ ಸಿರುಗುಪ್ಪದ ಗದ್ದೆಗಳಿಗೆ ಹೋಗಿ ಒಂದೇ ಕೊಕ್ಕರೆಯ ಫೋಟೋ ತೆಗೆದು ಬಂದರು. ಬಳ್ಳಾರಿಯ ಸ್ಟುಡಿಯೋದಿಂದ ಪ್ರಿಂಟು ತಂದವಳು ನಾನು. ದಾರಿಯಲ್ಲೇ ಎರಡೂ ಲಕೋಟೆಗಳ ಫೋಟೋ ಅದಲುಬದಲು ಮಾಡಿದೆ.

ಇವರು ತಮ್ಮ ಲಕೋಟೆ ಬಿಚ್ಚಿ, "ನೋಡಲೇ, ಒಂದೊಂದು ಗರಿ ಎಣಸಬಹುದು. ಇದಕ್ಕ ಅಂತಾರ ಲೆನ್ಸು!" ಎಂದು ಹಿಗ್ಗಿದರು. ತಮ್ಮನ ಕೈಯಲ್ಲಿದ್ದದ್ದನ್ನು ನೋಡಿ, "ಇದೇನು ಕೊಕ್ಕರಿನೋ, ಒಣಹಾಕಿದ ಧೋತರನೋ?" ಎಂದರು.

"ಆ ಧೋತರ ನೀವ ತಗದದ್ದು ರೀ" ಎಂದು ಇವರ ರೋಲಿನ ನೆಗೆಟಿವ್ ಮುಂದಿಟ್ಟೆ.

ಇವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಲೆನ್ಸಿಂದೇನೂ ತಪ್ಪಿಲ್ಲ. ಭಾರಕ್ಕ ಕೈ ನಡುಗೈತಿ."

"ನಾನು ಕ್ಯಾಮೆರಾ ಬದುವಿನ ಮ್ಯಾಲ ಇಟ್ಟು ತಗದೆ, ಮಾವ" ಎಂದ ತಮ್ಮ, ಮೆಲ್ಲಗೆ.

 ಮೂರನೆಯ ದಿನ ಇವರು ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದು, "ಲೆನ್ಸು ಮ್ಯಾಲಿಟ್ಟು ಫೋಟೋ ತಗಿಯಾಕ ಒಂದು ಮರಳಿನ ಚೀಲ ಹೊಲಕೊಡ್ತಿಯೇನು?" ಎಂದರು. ಗಟ್ಟಿಯಾಗಿಯೇ ಹೊಲಿದುಕೊಟ್ಟೆ. ಮುಂದಿನ ಭಾನುವಾರ ಲೆನ್ಸಿನ ಜೊತೆ ಮರಳು ತುಂಬಿದ ಚೀಲವನ್ನೂ ಹೊತ್ತು ಕುರುಗೋಡಿನ ಗುಡ್ಡ ಹತ್ತುವಾಗ ಇವರ ಏದುಸಿರು ಕೇಳಿ, ಹಿಂದೆ ಬರುತ್ತಿದ್ದ ನಾನೂ ತಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.