ಬಾಗಿಲು ತಟ್ಟುವುದನ್ನು ಕಲಿಸುವ ಸುವರ್ಣಕ್ಕ

ಬೆಳಗಿನ ಏಳೂವರೆ. ಅಕ್ಟೋಬರ್ ತಿಂಗಳ ಲಂಡನ್ನಿನಲ್ಲಿ ಇದು ಸೂರ್ಯನೂ ಒಲ್ಲದ ಮನಸ್ಸಿನಿಂದ ಏಳುವ ಹೊತ್ತು. ಥೇಮ್ಸ್ ನದಿಯ ದಕ್ಷಿಣಕ್ಕಿರುವ ವಿಶ್ವವಿದ್ಯಾಲಯವೊಂದರ ಎಂಜಿನಿಯರಿಂಗ್ ವಿಭಾಗದಲ್ಲಿ ಆಗಲೇ ಒಂದು ಕೋಣೆಯ ದೀಪ ಹತ್ತಿದೆ. ಕಡುನೀಲಿ ಸ್ವೆಟರ್ ತೊಟ್ಟ, ಹಣೆಗೆ ಸಾಸಿವೆಯಷ್ಟು ಕುಂಕುಮ ಇಟ್ಟ ಹೆಂಗಸೊಬ್ಬರು ಕೆಟಲಿಗೆ ನೀರು ತುಂಬಿ, ಕೌಂಟರಿನ ಶಟರ್ ಅರ್ಧ ಎತ್ತಿ ಹೊರಗೆ ಇಣುಕುತ್ತಾರೆ. ಕೌಂಟರ್ ತೆರೆಯುವುದು ಒಂಬತ್ತಕ್ಕೆ. ಆದರೆ ಬೆಳಗಾವಿಯಿಂದ ಮೊನ್ನೆಯಷ್ಟೇ ಬಂದಿಳಿದ ನಿತೀಶ ಎಂಬ ಎಂ.ಎಸ್ಸಿ. ವಿದ್ಯಾರ್ಥಿ ಎದುರಿಗೇ ಗೋಡೆಗೆ ಒರಗಿ ನಿಂತಿದ್ದಾನೆ.

"ನಿನ್ನೆ ಹ್ಯೂಸ್ ಸರ್ ಸಿಕ್ಕರೇನಪಾ?" ಎಂದು ಇವರು ಕೇಳುತ್ತಾರೆ.

"ಇಲ್ರಿ. ಬಾಗಿಲ ಮುಂದ ನಿಂತಿದ್ದೆ. ಸರ್ ನನ್ನ ನೋಡಲಿಲ್ಲ."

"ಎಷ್ಟೊತ್ತು ನಿಂತಿದ್ದಿ?"

"ಮಧ್ಯಾಹ್ನದ ತನಾ ರೀ."

ಇವರೇ ಸುವರ್ಣಾ. ವಿಭಾಗದ ಬಿಳಿ, ಕರಿ, ಕಂದು ಬಣ್ಣದ ಹುಡುಗರಿಗೆಲ್ಲ 'ಮಿಸೆಸ್ ಎಸ್'. ದಕ್ಷಿಣ ಲಂಡನ್ನಿನ ಟೂಟಿಂಗ್ ಬಡಾವಣೆಯ ಕನ್ನಡಿಗರಿಗೆ ಸುವರ್ಣಕ್ಕ. ಕೆಲಸ, ವಿದ್ಯಾರ್ಥಿಗಳ ಕಚೇರಿಯ ಕೌಂಟರು. ಯಾವ ಪಾಠಕ್ಕೆ ಯಾವ ಕೋಣೆ, ಪ್ರಾಜೆಕ್ಟಿಗೆ ಗಡುವು ಯಾವತ್ತು, ಆರಾಮಿಲ್ಲದಿದ್ದರೆ ಯಾರಿಗೆ ಹೇಳಬೇಕು, ವಿಷಯ ಬದಲಿಸಬೇಕೆಂದರೆ ಯಾರ ಸಹಿ ಬೇಕು, ಎಲ್ಲಕ್ಕೂ ಅವರೇ ಗತಿ. ಹೊಸಬರು ಬಂದಿಳಿಯುವ ಈ ವಾರ ಸಾಲು ಲಿಫ್ಟಿನವರೆಗೂ ಬೆಳೆಯುತ್ತದೆ. ಗಂಟಲು ಕಟ್ಟಿದರೆ ಓಮಿನ ಕಾಳು ಅಗಿಯುತ್ತಾರೆ, ಮತ್ತೆ ಶುರು.

ನಿತೀಶನನ್ನು ಕರೆದುಕೊಂಡು ಅವರು ಮೂರನೆಯ ಮಹಡಿಗೆ ಹೋಗುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನೂ ಹಿಂದೆ ಹೋಗುತ್ತೇನೆ. ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸುವ ಟ್ಯೂಟರ್ ಡಾ. ಹ್ಯೂಸ್ ಅವರ ಬಾಗಿಲು ಅರ್ಧ ತೆರೆದಿದೆ, ಸೈಕಲ್ ಹೆಲ್ಮೆಟ್ಟು ಮೇಜಿನ ಮೇಲಿದೆ. "ತಟ್ಟು" ಎನ್ನುತ್ತಾರೆ ಸುವರ್ಣಕ್ಕ. ಹುಡುಗ ತಟ್ಟುತ್ತಾನೆ. "ಇದು ತಟ್ಟೂದಲ್ಲಪಾ, ಸವರೂದು. ಇನ್ನೊಮ್ಮೆ." ಈ ಸಲ ಸದ್ದಾಗುತ್ತದೆ, ಒಳಗಿನಿಂದ 'ಕಮ್ ಇನ್' ಬರುತ್ತದೆ. ಹುಡುಗ ತಿರುಗಿ ನೋಡುವಷ್ಟರಲ್ಲಿ ಇವರು ಲಿಫ್ಟಿನ ಹತ್ತಿರ ಹೋಗಿಯಾಗಿದೆ.

"ನಮ್ಮ ಕಡೆ ಮಕ್ಕಳಿಗೆ ಇದೊಂದು ರೋಗ ನೋಡ್ರಿ" ಎಂದು ಲಿಫ್ಟಿನಲ್ಲಿ ನಗುತ್ತಾರೆ. "ಮಾಸ್ತರು ತಲಿ ಎತ್ತಿ 'ಏನೋ' ಅನ್ನೂತನಾ ಹೊರಗ ನಿಂದರೂದು. ಊರಾಗ ಅದು ಮರ್ಯಾದಿ. ಇಲ್ಲಿ ಮಾಸ್ತರು ತಿಳಕೋತಾರ, ಈ ಹುಡುಗ ಮತ್ಯಾರಿಗೋ ಕಾಯಾಕತ್ತಾನ ಅಂತ. ಇಬ್ಬರೂ ಭಾಳ ಒಳ್ಳೆಯವರು, ಕೆಲಸ ಮಾತ್ರ ಆಗೂದಿಲ್ಲ."

ಬೇಕಾದರೆ ತಾವೇ ಫೋನ್ ಮಾಡಿ ಭೇಟಿ ಗೊತ್ತುಮಾಡಬಹುದು. ಮಾಡುವುದಿಲ್ಲ. ಬಾಗಿಲವರೆಗೆ ಬರುತ್ತಾರೆ, ತಟ್ಟುವುದು ವಿದ್ಯಾರ್ಥಿಯ ಕೆಲಸ. ಹದಿಮೂರು ವರ್ಷಗಳಿಂದ ಇದೇ ಅವರ ಪದ್ಧತಿ.

ಇಷ್ಟೆಲ್ಲ ಹೇಳುವ ಸುವರ್ಣಕ್ಕ ತಮ್ಮ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಸಂದರ್ಶನ ಕೇಳಿದರೆ ಚಹಾ ಕೊಡುತ್ತಾರೆ. ಮತ್ತೆ ಕೇಳಿದರೆ ಮತ್ತೆ ಚಹಾ. ಮೂರನೆಯ ಲೋಟದ ಹೊತ್ತಿಗೆ ನನ್ನ ಮೇಲೆ ಕನಿಕರ ಹುಟ್ಟಿತೆಂದು ಕಾಣುತ್ತದೆ, ಅಷ್ಟಿಷ್ಟು ಬಾಯಿ ಬಿಟ್ಟರು.

ಹುಟ್ಟಿದ್ದು, ಓದಿದ್ದು ಧಾರವಾಡ. ಬಿ.ಎ. ಕೊನೆಯ ವರ್ಷ ಪರೀಕ್ಷೆಯ ಹೊತ್ತಿಗೇ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಪರೀಕ್ಷೆ ತಪ್ಪಿತು. ಅಕ್ಟೋಬರಿನಲ್ಲಿ ಇನ್ನೊಂದು ಅವಕಾಶ ಇರುತ್ತದೆಂದು ಇವರಿಗೆ ಗೊತ್ತಿರಲಿಲ್ಲ. "ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲೇಜಿನ ಆಫೀಸಿನಾಗ ಕಿಡಕಿ ಇತ್ತು, ಅದರ ಹಿಂದ ಕ್ಲಾರ್ಕ್ ಇದ್ರು. ಅವರ ಮುಖ ನೋಡಿನ ಹೆದರಿ ಮನಿಗೆ ಬಂದೆ." ಮುಂದಿನ ವರ್ಷ ಶಶಿಧರ ಅವರೊಂದಿಗೆ ಮದುವೆಯಾಗಿ ಲಂಡನ್ನಿಗೆ ಬಂದರು. ಪದವಿ ಅಲ್ಲಿಗೇ ನಿಂತಿತು. ಹೇಳುವಾಗ ದನಿಯಲ್ಲಿ ದುಃಖವೇನೂ ಇರಲಿಲ್ಲ, ಆದರೆ ಕೇಳಿದ ನನಗೆ ಆ ಕ್ಲಾರ್ಕಿನ ಮೇಲೆ ಇವತ್ತಿಗೂ ಸಿಟ್ಟಿದೆ.

ಟೂಟಿಂಗಿನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಅಂಗಿಗೆ ಇಸ್ತ್ರಿ ತಿಕ್ಕಿದರು. ಟೈಪಿಂಗ್ ಕಲಿತು ಹದಿಮೂರು ವರ್ಷಗಳ ಹಿಂದೆ, ೧೯೯೩ರಲ್ಲಿ, ಈ ಕಚೇರಿಗೆ ಹಂಗಾಮಿಯಾಗಿ ಬಂದರು. ಮೊದಲ ವರ್ಷ ಫೋನೇ ದೊಡ್ಡ ಶತ್ರು. "ಸ್ಕಾಟ್ಲೆಂಡಿನ ಹುಡುಗೂರು ಮಾತಾಡಿದ್ರ ಒಂದಕ್ಷರ ತಿಳೀತಿರಲಿಲ್ಲ. ಗಂಟಿ ಹೊಡದ ಕೂಡಲೆ ಟಾಯ್ಲೆಟ್ಟಿಗೆ ಹೋಗಿ ಕುಂದರತಿದ್ದೆ. ಇವರಿಗೇನೋ ಹೊಟ್ಟಿ ಬ್ಯಾನಿ ಅಂತ ಎಲ್ಲಾರೂ ತಿಳಕೊಂಡಿದ್ರು." ಹೊಳೆಗೆ ಬಿದ್ದ ಮೇಲೆ ಚಳಿಯೇನು ಮಳೆಯೇನು ಎಂದು ಒಂದು ದಿನ ಫೋನ್ ಎತ್ತಿದರು. ಆಮೇಲೆ ಕೆಳಗಿಟ್ಟಿಲ್ಲ.

ಇನ್ನು ಮುಂದಿನದು ಅಂಕಿತಾ ಎಂಬ ವಿದ್ಯಾರ್ಥಿನಿಯ ಕಥೆ. ಇದನ್ನು ನನಗೆ ಹೇಳಿದ್ದು ಸುವರ್ಣಕ್ಕ ಅಲ್ಲ. ಲಂಡನ್ನಿನ ದಕ್ಷಿಣ ಅಂಚಿನ ಕ್ರೋಯ್ಡನ್ನಿನ ಸಮಾರಂಭವೊಂದರಲ್ಲಿ ಅಂಕಿತಾಳ ಅಪ್ಪ ಅಮೃತಪ್ಪ ಊಟದ ಪಂಕ್ತಿಯಲ್ಲಿ ಹೇಳಿದರು. ನಾನು ಕಚೇರಿಗೆ ಹೋಗಿ ಕೇಳಿದರೆ, "ಅಕಿ ವಿಷಯ ಅಕಿನ್ನ ಕೇಳ್ರಿ. ಅಕಿ ಹೂಂ ಅಂದ್ರ ನಾನೂ ಮಾತಾಡ್ತೀನಿ" ಎಂಬ ಉತ್ತರ ಬಂತು. ಅಂಕಿತಾ ನಕ್ಕು ಹೂಂ ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಅಂಕಿತಾ ಕ್ರೋಯ್ಡನ್ನಿನಲ್ಲೇ ಹುಟ್ಟಿದವಳು. ಮನೆಯವರು ಕಲಬುರಗಿಯವರು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ; ಅಜ್ಜಿಯ ಜತೆ ಮಾತ್ರ ತಡವರಿಸುವ ಕನ್ನಡ. ಸಿವಿಲ್ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಳು. ಈ ವರ್ಷದ ಆರಂಭದಲ್ಲಿ ಅವಳ ಅಜ್ಜಿ ಬಸಲಿಂಗವ್ವನವರಿಗೆ ಮೂತ್ರಪಿಂಡದ ತೊಂದರೆ ಶುರುವಾಯಿತು. ಅಜ್ಜಿಗೆ ಇಂಗ್ಲಿಷ್ ಬಾರದು. ಅಪ್ಪನಿಗೆ ಬಸ್ ಓಡಿಸುವ ಪಾಳಿ, ಅಮ್ಮನಿಗೆ ಅಂಗಡಿಯ ಕೆಲಸ. ಜಿಪಿ ಎಂದು ಕರೆಯುವ ಬಡಾವಣೆಯ ಡಾಕ್ಟರ ಹತ್ತಿರವೂ ಆಸ್ಪತ್ರೆಗೂ ಅಜ್ಜಿಯ ಜತೆ ಹೋಗಿ, ಡಾಕ್ಟರು ಹೇಳಿದ್ದನ್ನು ಅಜ್ಜಿಗೂ ಅಜ್ಜಿ ಬೈದಿದ್ದನ್ನು ಸ್ವಲ್ಪ ಮೆತ್ತಗೆ ಮಾಡಿ ಡಾಕ್ಟರಿಗೂ ಹೇಳುವವಳು ಅಂಕಿತಾ ಒಬ್ಬಳೇ. ಲ್ಯಾಬು ತಪ್ಪಿತು, ಪ್ರಾಜೆಕ್ಟಿನ ಗಡುವು ತಪ್ಪಿತು, ಮೇ ತಿಂಗಳಲ್ಲಿ ಎರಡು ಪರೀಕ್ಷೆಗಳೂ ತಪ್ಪಿದವು. ಕಾಲೇಜಿಗೆ ಅವಳು ಒಂದು ಮಾತೂ ಹೇಳಲಿಲ್ಲ. ಕಾಗದದ ಮೇಲೆ ಅವಳು ಸುಮ್ಮನೆ ಚಕ್ಕರ್ ಹೊಡೆದವಳು. ಬೋರ್ಡ್ ಎನ್ನುವ ಪರೀಕ್ಷಾ ಮಂಡಳಿ ಜೂನ್ ತಿಂಗಳಲ್ಲಿ ಕುಳಿತರೆ ಕೋರ್ಸಿನಿಂದ ಹೆಸರು ಹೋಗುವುದು ಖಂಡಿತವಿತ್ತು.

ಮಗಳು ಮಂಕಾದದ್ದನ್ನು ನೋಡಿ ಏನೋ ಎಡವಟ್ಟಾಗಿದೆ ಎಂದು ಅಮೃತಪ್ಪನವರಿಗೆ ಅನುಮಾನ ಬಂತು. ನಮ್ಮ ಜನ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಹೆಂಡತಿಯಿಂದ ಒಂದು ಡಬ್ಬಿ ಶೇಂಗಾದ ಹೋಳಿಗೆ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಕೋಟು ತೊಟ್ಟು, ವಿಭಾಗದ ಮುಖ್ಯಸ್ಥರನ್ನು ಕಾಣಲು ಹೊರಟುಬಂದರು. ಕೌಂಟರಿನಲ್ಲಿ ಪರಿಚಯದ ಸುವರ್ಣಕ್ಕನನ್ನು ಕಂಡು ಅವರಿಗೆ ಜೀವ ಬಂದಂತಾಯಿತು.

"ಅಕ್ಕಾರ, ನೀವರೇ ಹೇಳ್ರಿ. ನಮ್ಮ ಅಂಕಿತಾಂದು ಹ್ಯಾಂಗ ನಡದದ?"

"ನಾ ಹೇಳಾಕ ಬರಂಗಿಲ್ರಿ ಅಮೃತಪ್ಪನವರ. ಅಕಿ ವಯಸ್ಸಿಗೆ ಬಂದಾಕಿ. ಅಕಿ ಒಪ್ಪಿಗಿ ಇಲ್ಲದ ಅಪ್ಪಗೂ ಹೇಳಬಾರದು ಅಂತ ಕಾಯ್ದೆ ಐತಿ."

ಅಮೃತಪ್ಪನವರ ಮುಖ ಕೆಂಪಾಯಿತು. ಕೂಸಿದ್ದಾಗಿನಿಂದ ಎತ್ತಿ ಆಡಿಸಿದ ಅಪ್ಪನಿಗೆ ಇಲ್ಲದ ಹಕ್ಕು ಕಂಪ್ಯೂಟರಿಗೆ ಇದೆಯೇ ಎಂದು ಕೇಳಿದರು. ಸುವರ್ಣಕ್ಕ ಕದಲಲಿಲ್ಲ. ಅಮೃತಪ್ಪನವರು ಡಬ್ಬಿಯನ್ನು ಮುಂದೆ ತಳ್ಳಿದರು. ಅದನ್ನೂ ಇವರು ಹಿಂದಕ್ಕೆ ತಳ್ಳಿದರು. "ಬೋರ್ಡ್ ಮುಗಿಯೂತನಾ ಈ ಕಟ್ಟಡದಾಗ ಯಾರ ಬಾಯಿಗೂ ಇದನ್ನ ಹಾಕಬ್ಯಾಡ್ರಿ. ಹುಡುಗಿಗೇ ಕೆಟ್ಟ ಹೆಸರು ಬರತೈತಿ."

ಆಗ ಅಮೃತಪ್ಪನವರ ತಾಳ್ಮೆಯ ಕಟ್ಟೆಯೊಡೆಯಿತು. "ನಮ್ಮವ್ವಗ ಕಿಡ್ನಿ ಕೆಟ್ಟು, ಈ ಕೂಸು ಚಳಿಗಾಲದಿಂದ ದವಾಖಾನಿ ದವಾಖಾನಿ ತಿರಗ್ಯಾಳ. ಒಂದಿನ ಬೇಸರ ಮಾಡ್ಕೊಂಡಿಲ್ಲ. ಅಂಥಾಕಿ ಬಗ್ಗೆ ಅಪ್ಪಗ ಎರಡು ಮಾತು ಹೇಳಂಗಿಲ್ಲ ಅಂತೀರಿ."

ಸುವರ್ಣಕ್ಕ ಪೆನ್ನು ಕೆಳಗಿಟ್ಟರಂತೆ. ಬೈಗುಳದ ಮಧ್ಯೆ ತಮಗೆ ಬೇಕಾದದ್ದು ಸಿಕ್ಕಿತ್ತು. ಮನೆಯಲ್ಲಿ ಹೀಗೆ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಕಾಲೇಜಿನಲ್ಲಿ ದಾರಿ ಉಂಟು. ಆದರೆ ವಿದ್ಯಾರ್ಥಿಯೇ ಹೇಳಬೇಕು, ಮಂಡಳಿ ಕೂಡುವ ಮೊದಲೇ ಹೇಳಬೇಕು, ಅದಕ್ಕಿದ್ದ ಗಡುವು ಮರುದಿನ ಮಧ್ಯಾಹ್ನ. ಅಪ್ಪನಿಗೆ ಇದಾವುದನ್ನೂ ವಿವರಿಸದೆ, "ಆತ್ರಿ, ಮನಿಗೆ ಹೋಗ್ರಿ, ಮಗಳಿಗೆ ಬಯ್ಯಬ್ಯಾಡ್ರಿ" ಎಂದಷ್ಟೇ ಹೇಳಿ ಕಳಿಸಿದರು. ಆಮೇಲೆ ಅಂಕಿತಾಗೆ ಫೋನ್ ಮಾಡಿ ಬೆಳಿಗ್ಗೆಯೇ ಬರಲು ಹೇಳಿದರು.

ಮರುದಿನ ಬಂದ ಅಂಕಿತಾ ಅಜ್ಜಿಯ ಹೆಸರು ಕೇಳಿದ್ದೇ ಸಿಡುಕಿದಳು. "ಇಟ್ಸ್ ಜಸ್ಟ್ ಫ್ಯಾಮಿಲಿ, ಆಂಟಿ. ಎಲ್ಲರ ಮನೆಯಲ್ಲೂ ಇರುತ್ತದೆ. ಅಜ್ಜಿಯ ಕಾಯಿಲೆ ತೋರಿಸಿ ಮಾರ್ಕ್ಸ್ ಕೇಳುವುದಕ್ಕೆ ನನಗೆ ನಾಚಿಕೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕಣ್ಣು ತುಂಬಿತ್ತು.

ಸುವರ್ಣಕ್ಕನ ಉತ್ತರ ಅವಳಿಗೆ ಈಗಲೂ ಬಾಯಿಪಾಠವಿದೆ. "ನೆಪ ಬ್ಯಾರೆ, ಕಾರಣ ಬ್ಯಾರೆ, ತಂಗಿ. ಯಾರೂ ನಿನಗ ಮಾರ್ಕ್ಸ್ ದಾನ ಮಾಡೂದಿಲ್ಲ. ಪರೀಕ್ಷಾ ದಿನ ನೀ ಎಲ್ಲಿದ್ದಿ ಅಂತ ಹೇಳು, ಅಷ್ಟ. ಬಾಯಿದ್ದವರು ಬರಗಾಲದಾಗೂ ಬದುಕ್ಯಾರ. ನಾ ಬಾಯಿ ತಗೀಲಿಲ್ಲ, ಅದಕ್ಕ ನನ್ನ ಡಿಗ್ರಿ ಧಾರವಾಡದಾಗ ಉಳೀತು."

ಇಬ್ಬರೂ ಮೂರನೆಯ ಮಹಡಿಗೆ ಹೋದರು. ಅಂಕಿತಾ ಡಾ. ಹ್ಯೂಸ್ ಅವರ ಬಾಗಿಲ ಮುಂದೆ ನಿಂತಳು. ನಿಂತೇ ಇದ್ದಳು. ಗಡಿಯಾರ ಹತ್ತು ದಾಟಿತ್ತು. ಲಿಫ್ಟಿನ ಬಳಿ ನಿಂತ ಸುವರ್ಣಕ್ಕನಿಗೆ ಓಡಿಹೋಗಿ ತಾವೇ ತಟ್ಟಿಬಿಡಬೇಕೆಂದು ಕೈ ತುರಿಸುತ್ತಿತ್ತಂತೆ. "ಆವತ್ತ ನನ್ನ ಪದ್ಧತಿಗೆ ನಾನ ಶಾಪ ಹಾಕಿದೆ ನೋಡ್ರಿ" ಎನ್ನುತ್ತಾರೆ. ಕೊನೆಗೆ ಹುಡುಗಿಯೇ ತಟ್ಟಿದಳು. ಒಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಡಾ. ಹ್ಯೂಸ್ ತಾವೇ ಜಿಪಿಗೆ ಫೋನ್ ಮಾಡಿ ಒಂದು ಚೀಟಿ ತರಿಸಿಕೊಂಡರು, ಗಡುವಿಗೆ ಮುಂಚೆ ಎಲ್ಲವೂ ಮಂಡಳಿಯ ಕೈ ಸೇರಿತು. ಬಿಟ್ಟ ಪ್ರಾಜೆಕ್ಟನ್ನೂ ಪರೀಕ್ಷೆಗಳನ್ನೂ ಸೆಪ್ಟೆಂಬರಿನಲ್ಲಿ, ಮೊದಲ ಸಲ ಎಂಬಂತೆಯೇ ಬರೆಯಬಹುದು ಎಂದು ತೀರ್ಮಾನವಾಯಿತು. ಬೇಸಿಗೆಯಿಡೀ ಅಂಕಿತಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದಳು. ಅಜ್ಜಿಯ ಭಾಷೆಗೆ ಆಸ್ಪತ್ರೆಯವರೇ ಒಬ್ಬ ದುಭಾಷಿಯನ್ನು ಗೊತ್ತುಮಾಡಿದರು. ಅದನ್ನೂ ಕೇಳಿದರೆ ಕೊಡುತ್ತಾರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹೊಸಬರಿಗೆ ಏನು ಹೇಳುತ್ತೀರಿ ಎಂದು ನಾನು ಕೇಳಿದೆ. ಸುವರ್ಣಕ್ಕ ಕೌಂಟರ್ ಒರೆಸುತ್ತಲೇ ಹೇಳಿದರು: "ಗಡುವು ದಾಟಿದ ಮ್ಯಾಲ ಬರಬ್ಯಾಡ್ರಿ, ದಾಟೂ ಮೊದಲ ಬರ್ರಿ. ಜ್ವರ ಇದ್ರ ಪರೀಕ್ಷಾಕ್ಕ ಕುಂತು ಶೂರತನ ತೋರಸಬ್ಯಾಡ್ರಿ, ಕುಂತ್ರ ಆರಾಮ ಇದ್ದಿ ಅಂತ ಲೆಕ್ಕ. ಅಜ್ಜಿ ಇರಲಿ, ಅವ್ವ ಇರಲಿ, ಮನಿ ತ್ರಾಸು ಅಂದ್ರ ಅದೂ ತ್ರಾಸನ. ಮತ್ತ ನನಗ ಹೇಳಿ ಸುಮ್ಮನಾಗಬ್ಯಾಡ್ರಿ, ನಿಮ್ಮ ಟ್ಯೂಟರ್‌ಗೆ ಹೇಳ್ರಿ." ತಮಗೇನು ಬೇಕು ಎಂದು ಕೇಳಿದ್ದಕ್ಕೆ, ಕೌಂಟರಿನ ಈಚೆ ಬದಿಗೂ ಎರಡು ಕುರ್ಚಿ ಹಾಕಿಸಬೇಕು, ಅಳುವವರು ನಿಂತೇ ಅಳಬಾರದು ಎಂದರು.

ಫಲಿತಾಂಶ ಬಂದದ್ದು ಕಳೆದ ತಿಂಗಳು, ಒಂದು ಶುಕ್ರವಾರ ಮಧ್ಯಾಹ್ನ. ಅಂಕಿತಾ ಕೌಂಟರಿಗೆ ಬಂದು ನೋಡಿದಳು. ಸುವರ್ಣಕ್ಕನ ಕೈ ಹಿಡಿದು, ಮನೆಗೆ ಹೋಗಿ ತಾನೇ ಹೇಳುತ್ತೇನೆ ಎಂದು ಓಡಿದಳು. ಅವಳು ಹೋಗಿ ಅರ್ಧ ಗಂಟೆಗೆ ಫೋನ್ ಬಂತು. ಅಮೃತಪ್ಪ.

"ಅಕ್ಕಾರ, ಅಕಿ ಮೊಬೈಲ್ ಎತ್ತವಲ್ಲಳು. ಬರೇ ಹೂಂ ಅನ್ರಿ, ಇಲ್ಲಾ ಊಂಹೂಂ ಅನ್ರಿ. ಮತ್ತೇನೂ ಬ್ಯಾಡ."

"ಎರಡೂ ಅನ್ನಂಗಿಲ್ರಿ. ಮಗಳನ್ನ ಕೇಳ್ರಿ."

"ನಿಮ್ಮ ಎದಿ ಕಲ್ಲು ಅದ ನೋಡ್ರಿ."

"ಹೌದ್ರಿ" ಎಂದರು ಸುವರ್ಣಕ್ಕ. ಹೊಟ್ಟೆಯೊಳಗೆ ಸುದ್ದಿ ಹಾಲಿನ ಹಾಗೆ ಉಕ್ಕಿ ಬರುತ್ತಿತ್ತಂತೆ. ಹುಡುಗಿ ಮನೆ ಮುಟ್ಟಲಿ ಎಂದು ಬೇಕೆಂದೇ ಮಾತು ಬೆಳೆಸಿದರು. ಅಜ್ಜಿ ಹೇಗಿದ್ದಾರೆ, ಊಟ ಸೇರುತ್ತದೆಯೇ, ಪಾಳಿ ಯಾವಾಗ ಎಂದೆಲ್ಲ ಕೇಳುತ್ತ ಹೋದರು. ಅಮೃತಪ್ಪ ಗೊಣಗುತ್ತಲೇ ಉತ್ತರ ಕೊಟ್ಟರು. ಅಷ್ಟರಲ್ಲಿ ಆ ಕಡೆ ಬಾಗಿಲು ತೆರೆದ ಸದ್ದಾಯಿತು. ಅಮೃತಪ್ಪ ರಿಸೀವರನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ಎದ್ದುಹೋದರು.

ನಿಯಮದ ಪ್ರಕಾರ ಸುವರ್ಣಕ್ಕ ಆಗ ಫೋನ್ ಇಡಬೇಕಿತ್ತು. ಇಡಲಿಲ್ಲ. ಹುಡುಗಿ ಅಪ್ಪನನ್ನು ದಾಟಿ ನೇರ ಅಜ್ಜಿಯ ಕೋಣೆಗೆ ಹೋದದ್ದು ಕೇಳಿಸಿತು. ಇಂಗ್ಲಿಷಿನಲ್ಲೇ ಬೆಳೆದ ಆ ಹುಡುಗಿ, ಅಜ್ಜಿಗೆ ತಿಳಿಯಲೆಂದು ಕನ್ನಡದಲ್ಲಿ, ಕಲಬುರಗಿಯ ಕನ್ನಡದಲ್ಲಿ ಕೂಗಿ ಹೇಳಿದಳು: "ಅಜ್ಜಿ, ನಾ ಪಾಸ್ ಆಗೀನಿ. ಎಲ್ಲಾದ್ರಾಗೂ."

ಆ ಮನೆಯಲ್ಲಿ ಎದ್ದ ಗದ್ದಲ ಕೌಂಟರಿನವರೆಗೂ ಕೇಳಿಸಿತು. ಸುವರ್ಣಕ್ಕ ಮೆಲ್ಲಗೆ ಫೋನ್ ಇಟ್ಟು, ಸಾಲಿನಲ್ಲಿ ಮುಂದಿದ್ದವರನ್ನು ಕರೆದರು.

"ನನಗ ಮೊದಲ ಗೊತ್ತಿದ್ದ ಸುದ್ದಿನ ರೀ ಅದು" ಎನ್ನುತ್ತಾರೆ ನನಗೆ. "ಆದರ ಅಕಿ ಬಾಯಿಂದ ಕೇಳಿದಾಗ, ಖರೇ ಹೇಳ್ತೀನಿ, ನಾನ ಪಾಸಾದಂಗ ಆತು."