ಹಿಂದಿನ ಸೀಟಿನ ಪ್ರಶ್ನೆ

ಶಿರಸಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಪಶುವೈದ್ಯೆ ಯಾವ ಕಾರು ಕಂಡರೂ ಮೊದಲು ಹಿಂದಿನ ಬಾಗಿಲನ್ನೇ ತೆರೆಯುತ್ತಿದ್ದರು. "ಹಿಂದೆ ಕೂತವಕ್ಕೆ ಎಂತ ಇದ್ದು?" ಎಂಬುದು ಹಿಂದೆ ಕೂರುವವರ ಸುರಕ್ಷತೆ ಕುರಿತ ಅವರ ಖಾಯಂ ಪ್ರಶ್ನೆ.

ಕೆಂಪು, ನೀಲಿ ಬಣ್ಣದ ಎರಡು ಸ್ಪೋರ್ಟ್ಸ್ ಮಾದರಿಯ ಕಾರುಗಳಲ್ಲಿ ಒಂದನ್ನು ಆರಿಸಲು ಹೊರಟಾಗ ನನ್ನನ್ನೂ ಕರೆದೊಯ್ದರು. ಕೆಂಪು ಕಾರಿನ ಜಾಹೀರಾತಿನಲ್ಲಿದ್ದ ಸುರಕ್ಷತೆಯ ನಕ್ಷತ್ರಗಳು ಅದರ ಹಳೆಯ ಮಾದರಿಗೆ ಸಿಕ್ಕವು ಎಂಬುದನ್ನು ನಾನು ಅಪಘಾತ ಪರೀಕ್ಷೆಯ ದಿನಾಂಕ ತಾಳೆ ನೋಡಿ ತಿಳಿಸಿದ್ದೆ.

"ವೇಗ ನೂರು ದಾಟಿದ್ರೂ ಗೊತ್ತೇ ಆಗೂದಿಲ್ಲ, ಮೇಡಂ," ಎಂದ ಮಾರಾಟಗಾರ.

"ಗೊತ್ತಾಗದಿದ್ರೆ ಕಷ್ಟ ಅಲ್ದಾ?" ಎಂದರು ವೈದ್ಯೆ.

ನಾಲ್ಕು ವರ್ಷದ ಮಗಳಿಗೆ ಮಕ್ಕಳ ಪ್ರತ್ಯೇಕ ಸೀಟು ಹಾಕಿಸಬೇಕೆಂಬುದು ಅವರ ಹಟ. ಜೊತೆಗೆ ಬಂದಿದ್ದ ಅತ್ತೆ ಒಪ್ಪಿರಲಿಲ್ಲ. "ಎಂತಕ್ಕೆ ಅದು? ಕೂಸಿನ್ನ ಆನು ತೊಡೆ ಮೇಲೆ ಹಿಡ್ಕತ್ತೆ. ಬಿಡ್ತ್ನಿಲ್ಲೆ." ಯಲ್ಲಾಪುರಕ್ಕೆ ಹೋಗುವಾಗಲೆಲ್ಲ ಮೊಮ್ಮಗಳು ಕೂರುತ್ತಿದ್ದುದು ಅವರ ತೊಡೆಯ ಮೇಲೆಯೇ.

ವೈದ್ಯೆ ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಗೆ ಬೆಲ್ಟ್ ಹಾಕಿ, ಮನೆಯಿಂದ ತಂದಿದ್ದ, ಮಗುವಿನಷ್ಟೇ ತೂಕದ ದನದ ಹಿಂಡಿಯ ಚೀಲವನ್ನು ಅವರ ತೊಡೆಯ ಮೇಲಿಟ್ಟು, "ಗಟ್ಟಿ ಹಿಡ್ಕಳಿ, ಅತ್ತೆ," ಎಂದರು. ತಾವೇ ಚಾಲಕರ ಸೀಟಿನಲ್ಲಿ ಕೂತು, ಮಳಿಗೆಯ ಅಂಗಳದಲ್ಲಿ ಸ್ವಲ್ಪ ವೇಗ ಹಿಡಿದು ಒಮ್ಮೆಲೇ ಬ್ರೇಕ್ ಒತ್ತಿದರು. ಚೀಲ ನಾನು ಕುಳಿತಿದ್ದ ಮುಂದಿನ ಸೀಟಿನ ಬೆನ್ನಿಗೆ ಬಡಿದು ಕೆಳಗೆ ಬಿತ್ತು.

ಅತ್ತೆ ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು. ಆಮೇಲೆ ಕಿಟಕಿಯ ಗಾಜು ಇಳಿಸಿ ಮಾರಾಟಗಾರನನ್ನು ಹತ್ತಿರ ಕರೆದು, "ತಮಾ, ಕೂಸಿನ ಸೀಟು ಯಾವ ಕಾರಲ್ಲಿ ಗಟ್ಟಿ ಕೂರ್ತು?" ಎಂದು ಕೇಳಿದರು.