ತಲೆಯಿಲ್ಲದ ಚಿಕ್ಕಮ್ಮ

ಹೊಲಿಗೆಯೆಂದರೆ ಬಿಡುವಿನ ವೇಳೆಯ ಕೈಗೆಲಸವೆಂದು ತಿಳಿದವರ ನಡುವೆ ಅದನ್ನೊಂದು ಪರಿಪೂರ್ಣ ವಿದ್ಯೆಯಾಗಿ ಕಲಿಸಿ, ನೂರಾರು ಹೆಣ್ಣುಮಕ್ಕಳನ್ನು ತಮ್ಮ ಕಾಲ ಮೇಲೆ ನಿಲ್ಲಿಸಿದ ನಮ್ಮ ಶಾಲೆಯ ಹೊಲಿಗೆ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅಂಗಿ ತೊಡಿಸಿ ನೋಡಲೆಂದು ತರಗತಿಯ ಮೂಲೆಯಲ್ಲಿರುವ ತಲೆಯಿಲ್ಲದ ಗೊಂಬೆಗೆ ಅವರು ದಿನವೂ "ಬಂದೆ ಚಿಕ್ಕಮ್ಮ" ಎನ್ನುವುದೇಕೆಂದು ಹೊಸಬರು ಕೇಳುವುದುಂಟು.

ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡ ಮೇಡಂ ಸೋದರಮಾವನ ಮನೆ ಸೇರಿದರು. ಅಲ್ಲಿ ಉಣ್ಣಲು ಉಳಿದದ್ದು, ಕೇಳಲು ಬೈಗುಳ. ಪಾತ್ರೆ ತಿಕ್ಕುತ್ತ ಮಸಿ ಹಿಡಿದ ತಪ್ಪಲೆಗೆ ಮದುವೆ ಮಾಡಿಸುತ್ತಿದ್ದ, ಸೌಟಿಗೆ ಗಂಡು ಹುಡುಕುತ್ತಿದ್ದ ಆ ಹುಡುಗಿಗೆ ಹುಚ್ಚಿಯೆಂದೇ ಹೆಸರಾಯಿತು. ಕಡೆಗೆ ಮಾವ ಅವರನ್ನು ಕೆಲಸ ಕಲಿಯಲೆಂದು ದರ್ಜಿಯಮ್ಮನೊಬ್ಬರ ಅಂಗಡಿಗೆ ತಂದುಬಿಟ್ಟರು. ಕೆಲಸ ಬಾರದಿದ್ದರೆ ವಾಪಸ್ ಕರೆದೊಯ್ಯುವ ಮಾತಾಯಿತು. ಆ ವಾಪಸ್ ಎಂಬ ಮಾತಿಗೆ ಹೆದರಿ ಅವರು ಯಾರೂ ಹೇಳುವ ಮೊದಲೇ ಅಂಗಡಿ ಗುಡಿಸಿಡುತ್ತಿದ್ದರು.

ಅಂಗಡಿಯ ಗೊಂಬೆ ಅವರ ಪಾಲಿಗೆ ಚಿಕ್ಕಮ್ಮನಾದಳು: ಬೈಯುವ ಬಾಯಿಲ್ಲದ, ಕೆಕ್ಕರಿಸುವ ಕಣ್ಣಿಲ್ಲದ ಮೊದಲ ಬಂಧು. ಒಂದು ದಿನ ಅವಳಿಗೆ ಹಡಗಿನ ಕಥೆ ಹೇಳುತ್ತ ಮೈಮರೆತು ಇಸ್ತ್ರಿಪೆಟ್ಟಿಗೆಯಿಂದ ಗಿರಾಕಿಯ ಹೊಸ ಅಂಗಿಯ ಕಾಲರ್ ಸುಟ್ಟುಬಿಟ್ಟರು. ವಿಚಾರಿಸಲು ಬಂದ ಮಾವನೂ ಅದೇ ಹೊತ್ತಿಗೆ ಬಾಗಿಲಲ್ಲಿ.

"ಇವಳ ತಲೆ ನೆಟ್ಟಗಿಲ್ಲ ಅಂತ ಅವತ್ತೇ ಹೇಳಿದ್ನಲ್ಲಮ್ಮ. ನಡಿಯೇ ಮನೆಗೆ."

ದರ್ಜಿಯಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಹುಡುಗಿಯನ್ನು ಕೇಳಿದರು: "ತಲೆ ಇಲ್ಲದೋಳನ್ನ ಚಿಕ್ಕಮ್ಮ ಅಂತೀಯಲ್ಲ, ನಾನು ಅವಳ ಅಕ್ಕ. ನಿಂಗೇನಾಗ್ಬೇಕು ಹೇಳು?"

"ದೊಡ್ಡಮ್ಮ?"

"ನಾವಿರೋದೇ ಇಬ್ರು ಅಕ್ಕತಂಗಿಯರು. ಸರಿಯಾಗಿ ಲೆಕ್ಕ ಹಾಕು."

ಹುಡುಗಿ ಲೆಕ್ಕ ಹಾಕಿದಳು. ಬಹಳ ದಿನ ಬಾಯಿಗೆ ಬಾರದಿದ್ದ ಪದ ಮೆಲ್ಲಗೆ ಬಂತು: "ಅಮ್ಮ."

"ಕೇಳಿಸ್ತಾ?" ಎಂದು ದರ್ಜಿಯಮ್ಮ ಮಾವನತ್ತ ತಿರುಗಿದರು. "ಕಾಲರ್ ಬದಲಾಯಿಸೋ ಕೆಲಸ ಇದೆ, ನೀವು ಹೊರಡಿ."

ಸುಟ್ಟ ಕಾಲರ್ ಬಿಚ್ಚುವುದನ್ನೇ ಮೇಡಂ ಮೊದಲ ಪಾಠವಾಗಿ ಕಲಿತರು. ಮುಂದೆ ಆ ತಾಯಿಯ ಕಾಲಾನಂತರ ಗೊಂಬೆಯನ್ನು ಶಾಲೆಗೆ ತಂದು, ಮೊದಲ ಪಾಠವಾಗಿ ನಮ್ಮ ಮಕ್ಕಳಿಗೂ ಅದನ್ನೇ ಕಲಿಸಿದರು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಏದುಸಿರು ಬಿಡುತ್ತ ಬಂದ ಸಹೋದ್ಯೋಗಿಗೆ, "ಇಲ್ಲಿ ಮಲಗ್ಸು, ಚಿಕ್ಕಮ್ಮ ನೋಡ್ಕೋತಾಳೆ" ಎಂದು ಬಟ್ಟೆರಾಶಿಯ ಮೇಲೆ ಜಾಗ ಮಾಡಿಕೊಟ್ಟವರೂ ಅವರೇ. ಆ ಮಗು ಈಗ ಕಾಲೇಜಿಗೆ ಹೋಗುತ್ತಿದೆ.

ಗೊಂಬೆಯನ್ನು ಮನೆಗೊಯ್ಯಿರೆಂದು ಎಷ್ಟು ಬೇಡಿಕೊಂಡರೂ ಮೇಡಂ ಒಪ್ಪಲಿಲ್ಲ. "ಇಲ್ಲಿಗೆ ಬರೋ ಹುಡುಗಿಯರಿಗೆ ಒಬ್ಬಳು ಚಿಕ್ಕಮ್ಮ ಬೇಡ್ವಾ?" ಎಂದರು. ಅವರ ದೃಷ್ಟಿಗೆ ಸೂಜಿಯ ಕಣ್ಣು ಬಹುಕಾಲ ಕಾಣುತ್ತಿರಲಿ, ಆ ಕೈಗಳು ಇನ್ನೂ ಅನೇಕ ಅಂಗಿಗಳನ್ನು ಕತ್ತರಿಸಿ ಹೊಲಿಯಲಿ. ಬೆಳಿಗ್ಗೆ ಬಾಗಿಲು ತೆರೆದೊಡನೆ ಚಿಕ್ಕಮ್ಮನಿಗೆ "ಬಂದೆ" ಎನ್ನಲು ನಾವಿದ್ದೇವೆ.